ತೊನ್ನಿನ ಮುಖ ನೋಡಿಕೊಳ್ಳಲು ತಂದ ಗೋಡೆ ಕನ್ನಡಿ

ಉಡುಪಿಯ ಒಂದು ಗ್ಲಾಸ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಕನ್ನಡಿ ಇದು. ದಪ್ಪ 5 ಎಂಎಂ, ಎತ್ತರ 4 ಅಡಿ, ಅಗಲ ಒಂದೂವರೆ ಅಡಿ. ಫ್ರೇಮ್ ಇಲ್ಲ, ಅಂಚಿಗೆ ಪಾಲಿಶ್ ಅಷ್ಟೇ.

ಅಲಂಕಾರಕ್ಕೆ ತಂದದ್ದಲ್ಲ. ನನಗೆ ಕಣ್ಣು, ಬಾಯಿಯ ಸುತ್ತ, ಎರಡೂ ಕೈಗಳ ಮೇಲೆ ತೊನ್ನಿದೆ. ಇದು ಅಂಟುರೋಗ ಅಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗಿರುತ್ತವೆ ಅಂತ ಗೊತ್ತಿತ್ತು. ಆದರೂ ಬೈತಲೆ ತೆಗೆಯುವಾಗ ಕೂದಲು ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ದಿನಾ ನೋಡಿ ರೂಢಿ ಮಾಡಿಕೊಳ್ಳಿ ಅಂತ ಕೌನ್ಸೆಲರ್ ಹೇಳಿದರು.

ಫೋನ್ ಕ್ಯಾಮೆರಾ ಸಾಕಲ್ವಾ ಅಂತ ಕೇಳಬಹುದು. ಸಾಲದು. ಒಂದಡಿ ದೂರದಿಂದ ತೆಗೆದರೆ ಮೂಗು ದಪ್ಪ ಕಾಣುತ್ತದೆ. ಬ್ಯೂಟಿ ಮೋಡ್ ಇದ್ದರಂತೂ ಕಲೆಯ ಅಂಚನ್ನೇ ಒರೆಸಿಬಿಡುತ್ತದೆ. ಆನ್‌ಲೈನಿನಲ್ಲಿ ತರಿಸಿದ್ದ ತೆಳು ಕನ್ನಡಿ ಬಾಗಿ, ದವಡೆಯನ್ನು ಎಳೆದ ಹಾಗೆ ತೋರಿಸುತ್ತಿತ್ತು. ಈ 5 ಎಂಎಂ ಗಾಜು ನೆಟ್ಟಗಿದೆ. ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆ.

ಕಿಟಕಿಯ ಬೆಳಕು ಮೈಮೇಲೆ ಬೀಳುವ ಕಡೆ ಹಾಕಿಸಿದ್ದೇನೆ. ಎರಡು ಹೆಜ್ಜೆ ಹಿಂದೆ ನಿಂತು, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ಚೆಂದ, ಅಸಹ್ಯ ಅನ್ನುವ ಮಾತು ಬೇಡ. ಬಣ್ಣ, ಆಕಾರ, ಜಾಗ ಮಾತ್ರ. ಎಡ ಹುಬ್ಬಿನ ತುದಿಯಲ್ಲಿ ನಾಲ್ಕೈದು ಬಿಳಿ ಕೂದಲು. ತುಟಿಯ ಬಲ ಮೂಲೆಯಲ್ಲಿ ಬಿಳಿ, ಅದರೊಳಗೆ ಸಾಸಿವೆಯಷ್ಟು ಕಂದು ಚುಕ್ಕೆಗಳು. ಕಲೆಯ ಮೇಲೇ ನಿಲ್ಲದೆ ತಲೆಯಿಂದ ಪಾದದ ತನಕ ಹೋಗಬೇಕು. ಅದಕ್ಕೇ ದೊಡ್ಡ ಕನ್ನಡಿ ಬೇಕು. ನಿಮ್ಮ ಅರ್ಧ ಎತ್ತರದ ಕನ್ನಡಿಯಲ್ಲೂ ಪೂರ್ತಿ ಮೈ ಕಾಣುತ್ತದೆ, ಆದರೆ ಸರಿಯಾದ ಮಟ್ಟದಲ್ಲಿ ತೂಗುಹಾಕಬೇಕು. ಮನೆಯಲ್ಲಿ ಎಲ್ಲರೂ ಬಳಸುವುದಾದರೆ 4 ಅಡಿಯೇ ಇರಲಿ.

ಮೊದಮೊದಲು ಅಳು ಬರುತ್ತಿತ್ತು. ಆಮೇಲೆ ಒಂದು ದಿನ ನನ್ನ ಭುಜ ಥೇಟ್ ಅಮ್ಮನದ್ದು ಅಂತ ಕಂಡಿತು. ಎಷ್ಟು ಖುಷಿಯಾಯಿತು! ಈಗ ಮದುವೆ ಮನೆಯ ಫೋಟೋದಲ್ಲಿ ಹಿಂದಿನ ಸಾಲಿಗೆ ಹೋಗುವುದಿಲ್ಲ. ಫೋಟೋದ ಮುಖ ಮಾತ್ರ ಇನ್ನೂ ಸ್ವಲ್ಪ ಬೇರೆ ಅನ್ನಿಸುತ್ತದೆ. ನಮಗೆ ರೂಢಿಯಾಗಿರುವುದು ಎಡಬಲ ತಿರುಗಿದ ಮುಖ ಅಲ್ವಾ. 1977ರ ಒಂದು ಅಧ್ಯಯನದಲ್ಲೂ ಜನ ತಮ್ಮ ಕನ್ನಡಿ ರೂಪವನ್ನೇ ಜಾಸ್ತಿ ಇಷ್ಟಪಟ್ಟಿದ್ದರು, ಅವರ ಸ್ನೇಹಿತರು ಮಾತ್ರ ನೇರ ರೂಪವನ್ನು.

ತೂಕ ಸುಮಾರು 7 ಕೆಜಿ, ಗೋಡೆಗೆ ಸ್ಕ್ರೂ ಹಾಕಿಸಲೇಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅಂಚು ಬೇಗ ಕಪ್ಪಾಗುತ್ತದೆ, ಹಿಂಬದಿ ಅಂಚಿಗೆ ಸೀಲ್ ಮಾಡಿಸಿಕೊಳ್ಳಿ. ಮೈಯ ಚಿಂತೆಯಲ್ಲಿ ಈಗಾಗಲೇ ಗಂಟೆಗಟ್ಟಲೆ ಕನ್ನಡಿ ಮುಂದೆ ನಿಲ್ಲುವವರು ಸುಮ್ನೆ ಇದನ್ನು ಶುರು ಮಾಡಬೇಡಿ, ಮೊದಲು ಮನೋವೈದ್ಯರನ್ನು ಕಾಣಿ. ಉಳಿದವರಿಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ.