ಹೊಟ್ಟೆಯ ಮೇಲೆ ಹಳೆ ಹೊಲಿಗೆ ಇದ್ದವರಿಗೆ ಕೀಹೋಲ್ ಸರ್ಜರಿ: ನನ್ನ ಅನುಭವ

ಹೊಕ್ಕುಳ ಪಕ್ಕದಲ್ಲೇ ಉದ್ದಕ್ಕೆ ನನಗೊಂದು ಹಳೆ ಗಾಯವಿದೆ, ಕರುಳಿನ ಆಪರೇಷನ್ ಆದದ್ದು. ಕೆಳಗೆ ಸಿಸೇರಿಯನ್ ಗುರುತು. ಹಾಗಾಗಿ ಪಿತ್ತಕೋಶದ ಕಲ್ಲಿಗೆ ಕೀಹೋಲ್ ಸರ್ಜರಿ (ಸಣ್ಣ ತೂತುಗಳಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಂದಾಗ ತುಂಬಾ ಹೆದರಿದ್ದೆ.

ನನಗೆ ಆಪರೇಷನ್ ಮಾಡಿದ ಸರ್ಜನ್ ಮೊದಲು ಕೇಳಿದ್ದೇ ಹಳೆ ಡಿಸ್ಚಾರ್ಜ್ ಚೀಟಿಗಳನ್ನು. ಅಲ್ಲೇ ನನಗೆ ಧೈರ್ಯ ಬಂತು. ಗಾಯದ ಒಳಗೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರಬಹುದು, ಗ್ಯಾಸ್ ತುಂಬಲು ಹೊಕ್ಕುಳಲ್ಲಿ ಸೂಜಿ ಚುಚ್ಚಿದರೆ ಆ ಕರುಳು ತೂತಾಗಬಹುದು ಅಂತ ಚಿತ್ರ ಬರೆದು ತೋರಿಸಿದರು. ಅದಕ್ಕೇ ಎಡಗಡೆ, ಪಕ್ಕೆಲುಬಿನ ಅಂಚಿನಿಂದ ಸುಮಾರು 3 ಸೆಂ.ಮೀ. ಕೆಳಗೆ, ಪಾಮರ್ಸ್ ಪಾಯಿಂಟ್ ಅನ್ನುವ ಜಾಗದಿಂದ ಒಳಹೋದರು. ಅಲ್ಲಿ ಅಂಟು ಕಡಿಮೆ. ಅದೇ ಎಡಗಡೆ ಇರುವ ಗುಲ್ಮ (ಸ್ಪ್ಲೀನ್) ದೊಡ್ಡದಾಗಿಲ್ಲ ಅಂತ ಸ್ಕ್ಯಾನಿನಲ್ಲಿ ಮೊದಲೇ ನೋಡಿದ್ದರು. ಜಠರ ಖಾಲಿಯಾಗಲು ನಳಿಕೆಯನ್ನೂ ಹಾಕಿದ್ದರು. ಕ್ಯಾಮೆರಾದಲ್ಲಿ ನೋಡಿದರೆ ಹೊಕ್ಕುಳ ಹಿಂದೆ ಕರುಳು ನಿಜವಾಗಿಯೂ ಅಂಟಿತ್ತು! ಉಳಿದ ತೂತುಗಳನ್ನೆಲ್ಲ ಕಣ್ಣಾರೆ ನೋಡಿಕೊಂಡೇ ಮಾಡಿದರು.

ಅಗತ್ಯ ಬಿದ್ದರೆ ಹೊಟ್ಟೆ ತೆರೆಯುತ್ತೇವೆ ಅಂತಲೂ ಮುಂಚೆಯೇ ಹೇಳಿದ್ದರು. ಅದು ಸರಿಯಾದ ಮಾತು, ಅಲ್ವಾ?

ಒಂದೇ ಬೇಸರ. ಒಳಗೆ ತುಂಬಿದ ಗ್ಯಾಸಿನಿಂದ ಭುಜ ನೋಯುತ್ತದೆ ಅಂತ ವಾರ್ಡಿನಲ್ಲಿ ಯಾರೂ ಹೇಳಲಿಲ್ಲ. ಎರಡು ದಿನ ಸುಮ್ನೆ ಗಾಬರಿಪಟ್ಟೆ. ನೀವು ಹೋಗುವಾಗ ಹಳೆ ಚೀಟಿಗಳನ್ನು ಮರೆಯಬೇಡಿ, ಎಲ್ಲಿಂದ ಒಳಹೋಗುತ್ತೀರಿ ಅಂತ ಕೇಳಿ.