ಕ್ಯಾಮೆರಾ ಬಾಡಿಗೆಯ ಬಿಲ್ ನಿಮ್ಮ ಹೆಸರಿಗೆ ಬರೆಸುವ ಮುನ್ನ

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಸ್ವತಂತ್ರವಾಗಿ ಕ್ಯಾಮೆರಾ ಕೆಲಸ ಮಾಡುವ ಗೆಳೆಯರ ಗಮನಕ್ಕೆ. ಕಳೆದ ಬೇಸಿಗೆಯಲ್ಲಿ ನನಗೆ ಕೈಕೊಟ್ಟ ಬೆಂಗಳೂರಿನ ನಿರ್ಮಾಣ ತಂಡವೊಂದು ಈಗ ಯಾದಗಿರಿ ಕಡೆಯ ಚಿತ್ರೀಕರಣಕ್ಕೆ ಸ್ಥಳೀಯ ಛಾಯಾಗ್ರಾಹಕರನ್ನು ವಿಚಾರಿಸುತ್ತಿರುವುದು ಕಿವಿಗೆ ಬಿದ್ದದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಇಂಥವರ ಬ್ಯಾನರ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಕೆಲಸ ಒಪ್ಪಿಸುವ ರೀತಿ ಬದಲಾಗುವುದಿಲ್ಲ.

ಬೆಂಗಳೂರಿನಲ್ಲಿ ಎಂಟು ವರ್ಷ ಧಾರಾವಾಹಿಗಳಿಗೆ ಕ್ಯಾಮೆರಾ ಸಹಾಯಕನಾಗಿ ದುಡಿದು ಊರಿಗೆ ಮರಳಿದವನು ನಾನು. ಬಹಮನಿ ಕಾಲದ ಕುರಿತ ಟಿ.ವಿ. ಸರಣಿ, ಬೀದರ್ ಕೋಟೆ ಮತ್ತು ಅಷ್ಟೂರಿನ ಗುಂಬಜ್‌ಗಳಲ್ಲಿ 9 ದಿನಗಳ ಕೆಲಸ, ಪೂರ್ಣ ಛಾಯಾಗ್ರಾಹಕನ ಸ್ಥಾನ ಎಂದಾಗ, ಎರಡು ಮದುವೆ ಆರ್ಡರ್ ಬಿಟ್ಟುಕೊಟ್ಟು ಒಪ್ಪಿದೆ. ದಿನಕ್ಕೆ 12,000 ರೂಪಾಯಿ ಸಂಭಾವನೆ ಎಂದು ಮಾತಾಯಿತು. ಅಡ್ವಾನ್ಸ್ 25,000 ರೂಪಾಯಿಯಲ್ಲಿ ಶೇಕಡಾ 10ರಷ್ಟು ಟಿಡಿಎಸ್ ಮುರಿದುಕೊಂಡು 22,500 ಖಾತೆಗೆ ಹಾಕಿದರು. ತೆರಿಗೆ ಮುರಿದದ್ದನ್ನು ಕಂಡು, ಇವರು ಲೆಕ್ಕಪತ್ರ ಇಟ್ಟುಕೊಂಡ ಜನ ಎಂದು ನಂಬಿದ್ದೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ದೊಡ್ಡದು. "ಸರ್, ಹೈದರಾಬಾದ್ ನಿಮಗೆ ಹತ್ತಿರ, ಅಲ್ಲಿಯವರ ಪರಿಚಯವೂ ಇದೆ. ಕ್ಯಾಮೆರಾ ನಿಮ್ಮ ಹೆಸರಲ್ಲೇ ತಂದುಬಿಡಿ, ಬಿಲ್ ನಾವು ಸೆಟಲ್ ಮಾಡ್ತೀವಿ" ಎಂದು ಪ್ರೊಡಕ್ಷನ್ ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ಕ್ಯಾಮೆರಾ, ಲೆನ್ಸ್‌ಗಳು, ಟ್ರೈಪಾಡ್ ಸೇರಿ ದಿನದ ಬಾಡಿಗೆ 9,500. ನನ್ನ ಆಧಾರ್ ಪ್ರತಿ ಕೊಟ್ಟು, ನನ್ನ ಸಹಿ ಹಾಕಿ ತಂದೆ.

ಮೂರನೆಯ ದಿನ ಕೋಟೆಯೊಳಗೆ ಟ್ರೈಪಾಡ್ ಬಿಚ್ಚುತ್ತಿದ್ದಂತೆ ಸಿಬ್ಬಂದಿ ಬಂದು ತಡೆದರು. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆದು ಶುಲ್ಕ ಕಟ್ಟಿರಬೇಕು. ತಂಡದವರು ಎರಡನ್ನೂ ಮಾಡಿರಲಿಲ್ಲ. ಅನುಮತಿ ಬರುವವರೆಗೆ ಎರಡು ದಿನ ಲಾಡ್ಜಿನಲ್ಲಿ ಕುಳಿತೆವು, ಕ್ಯಾಮೆರಾದ ಬಾಡಿಗೆ ಮಾತ್ರ ಓಡುತ್ತಲೇ ಇತ್ತು. (ಆ ಬಿಡುವಿನಲ್ಲಿ ಊರ ಹೊರಗಿನಿಂದ ಡ್ರೋನ್ ಹಾರಿಸಿ ಎಂದೂ ಕೇಳಿದರು. ವಾಯುಪಡೆಯ ನೆಲೆ ಇರುವ ಊರಿನಲ್ಲಿ ಅದಕ್ಕೆ ಒಪ್ಪದಷ್ಟು ಬುದ್ಧಿ ನನಗಿತ್ತು.) ಮುಂದೆ ರಂಗೀನ್ ಮಹಲಿನ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಮೇಲೆ ಬಾಗಿಲ ಬೆಳಕು ಜಾರುವ ಒಂದು ಶಾಟ್‌ಗಾಗಿ, ಬಿಸಿಯೇರಿದ ಕ್ಯಾಮೆರಾಕ್ಕೆ ಒದ್ದೆ ಟವೆಲಿನ ನೆರಳು ಹಿಡಿಸಿಕೊಂಡು ಮುಕ್ಕಾಲು ಗಂಟೆ ಕಾದೆ. ಈ ವೃತ್ತಿಯಲ್ಲಿ ನಾನು ತೆಗೆದ ಒಳ್ಳೆಯ ಶಾಟ್‌ಗಳಲ್ಲಿ ಅದೂ ಒಂದು, ಇಂದಿಗೂ ಅದರ ಪ್ರತಿ ನನ್ನ ಬಳಿ ಇಲ್ಲ.

ಏಕೆಂದರೆ ಕೊನೆಯ ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡಿ ಎರಡೂ ಹಾರ್ಡ್ ಡಿಸ್ಕ್ ತೆಗೆದುಕೊಂಡು ಹೋದರು, ಸೋಮವಾರ ಹಣ ಬರುತ್ತದೆ ಎಂದರು. ಬಂದದ್ದು ಒಂದು ಸಂದೇಶ: ಶೂಟಿಂಗ್ ನಡೆಯದ ಎರಡು ದಿನಕ್ಕೆ ಸಂಭಾವನೆಯಿಲ್ಲ, ಬಾಡಿಗೆಯೂ ಇಲ್ಲ, ಉಳಿದದ್ದು ಚಾನೆಲ್ಲಿನಿಂದ ಬಂದ ಮೇಲೆ. ಅನಂತರ ಫೋನ್ ಎತ್ತಲಿಲ್ಲ. ಹೈದರಾಬಾದಿನ ಅಂಗಡಿಯವರ ಬಿಲ್ ಶೇಕಡಾ 18ರ ಜಿಎಸ್‌ಟಿ ಸೇರಿ 1,00,890 ರೂಪಾಯಿ, ನನ್ನ ಹೆಸರಿಗೇ ಬಂತು. ಅವರದು ತಪ್ಪಲ್ಲ, ಸಹಿ ನನ್ನದು.

ವಕೀಲರನ್ನು ಕಂಡಾಗ ಇನ್ನಷ್ಟು ತಿಳಿಯಿತು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕನೇ ಹೊರತು ಛಾಯಾಗ್ರಾಹಕನಲ್ಲ, ಹಾಗಾಗಿ ಫುಟೇಜ್ ನನ್ನದೆಂದು ಹಟ ಹಿಡಿಯಲು ದಾರಿಯಿಲ್ಲ. ಡಿಸ್ಕ್ ಕೈಬಿಡುವ ಮುನ್ನವೇ ಹಣ ಕೇಳಿದ್ದರೆ ಮಾತು ಬೇರೆ ಇತ್ತು. ಸಣ್ಣ ಉದ್ದಿಮೆದಾರರಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದಿದ್ದರೆ, ಸೇವೆ ಪಡೆದವರು 45 ದಿನಗಳೊಳಗೆ ಹಣ ಕೊಡದಿದ್ದಾಗ ಬಡ್ಡಿ ಸಮೇತ ಕೇಳಿ, ಬಾಕಿ ಹಣದ ದೂರಿಗೆಂದೇ ಸರ್ಕಾರ ಮಾಡಿದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು. ನೋಂದಣಿಗೆ ಶುಲ್ಕವೇ ಇಲ್ಲ, ಆದರೆ ಕೆಲಸಕ್ಕೆ ಮೊದಲೇ ಮಾಡಿಸಿರಬೇಕು. ನಾನು ಮಾಡಿಸಿದ್ದು ಮೋಸ ಹೋದ ಮೇಲೆ. ಇನ್ನು, ನನ್ನಿಂದ ಮುರಿದ ಆ 2,500 ರೂಪಾಯಿಯನ್ನು, ನಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆ ದಾಖಲಾಗುವ 26ಎಎಸ್ ನಮೂನೆಯಲ್ಲಿ ಹುಡುಕಿದರೆ ಅಲ್ಲಿ ಒಂದು ಸಾಲೂ ಇರಲಿಲ್ಲ.

ಯಾರಾದರೂ ನಿಮ್ಮನ್ನು ಇದೇ ರೀತಿ ಕರೆದರೆ, ಬಾಡಿಗೆಯ ಬಿಲ್ ಅವರ ಜಿಎಸ್‌ಟಿ ಸಂಖ್ಯೆಗೇ ನೇರವಾಗಿ ಬರೆಸಿ, ಶೂಟಿಂಗ್ ನಿಂತ ದಿನಕ್ಕೂ ಸಂಭಾವನೆ ಎಂದು ಬರಹದಲ್ಲಿ ಒಪ್ಪಿಸಿಕೊಳ್ಳಿ, ಸ್ಮಾರಕದ ಅನುಮತಿಪತ್ರವನ್ನು ಕಣ್ಣಾರೆ ನೋಡಿದ ಮೇಲೆಯೇ ಕ್ಯಾಮೆರಾ ತರಿಸಿ. ಇದನ್ನು ಕೇಳಿದ ತಕ್ಷಣ ಅವರು ಬೇರೆ ಹುಡುಗನನ್ನು ಹುಡುಕಿಕೊಂಡರೆ ಹುಡುಕಿಕೊಳ್ಳಲಿ. ಹೈದರಾಬಾದಿನವರಿಗೆ ಮನೆಯ ತೊಗರಿ ಮಾರಿ ಅರ್ಧ ಕಟ್ಟಿದ್ದೇನೆ. ಉಳಿದದ್ದನ್ನು ತಿಂಗಳಿಗೆ 5,000ದಂತೆ ಕಟ್ಟುತ್ತಿದ್ದೇನೆ.