ಫೈಫಾಕ್ಸ್: ವೇಗೋತ್ಕರ್ಷ ಕಲಿಸಲು ಒಂದು ಫೋನ್, ಒಂದು ಲಿಫ್ಟ್

ವೇಗ ಜಾಸ್ತಿ ಇದ್ದರೆ ವೇಗೋತ್ಕರ್ಷವೂ (ವೇಗ ಬದಲಾಗುವ ದರ) ಜಾಸ್ತಿ ಎಂಬ ತಪ್ಪು ಕಲ್ಪನೆ ಒಂಬತ್ತನೇ ತರಗತಿಯ ‘ಚಲನೆ’ ಪಾಠ ಮುಗಿದ ಮೇಲೂ ಎಷ್ಟೋ ಮಕ್ಕಳಲ್ಲಿ ಉಳಿದಿರುತ್ತದೆ. ಅದನ್ನು ಬಿಡಿಸಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಉಚಿತ ಆ್ಯಪ್ ಫೈಫಾಕ್ಸ್ ತುಂಬಾ ಒಳ್ಳೆಯ ಸಾಧನ.

ಆ್ಯಪ್‌ನಲ್ಲಿ ‘ಆಕ್ಸಲರೇಶನ್ ವಿದೌಟ್ ಜಿ’ (ಗುರುತ್ವದ ವೇಗೋತ್ಕರ್ಷ ‘ಜಿ’ಯನ್ನು ಕಳೆದು ತೋರಿಸುವ ಪ್ರಯೋಗ) ತೆರೆದು, ಫೋನನ್ನು ಪರದೆ ಮೇಲಾಗಿ ಲಿಫ್ಟ್‌ನ ನೆಲದ ಮೇಲಿಡಿ. ಲಿಫ್ಟ್ ಹೊರಡುವ ಮೊದಲೇ ಪ್ಲೇ ಒತ್ತಿ, ಝಡ್ ನಕ್ಷೆಯನ್ನಷ್ಟೇ (ಪರದೆಗೆ ಲಂಬವಾದ, ಅಂದರೆ ಇಲ್ಲಿ ಮೇಲೆ-ಕೆಳಗಿನ ದಿಕ್ಕು) ನೋಡಿ. ಮೇಲಕ್ಕೆ ಹೊರಟಾಗ ಒಂದು ಉಬ್ಬು. ಆಮೇಲೆ ಗೆರೆ ಸೊನ್ನೆಗಿಳಿದು ಅಲ್ಲೇ ಸಾಗುತ್ತದೆ. ಲಿಫ್ಟ್ ಅತಿ ಹೆಚ್ಚು ವೇಗದಲ್ಲಿರುವುದು ಆಗಲೇ! ನಿಲ್ಲುವಾಗ ಸೊನ್ನೆಯ ಕೆಳಗೊಂದು ತಗ್ಗು. ಇಳಿಯುವಾಗ ತಗ್ಗು ಮೊದಲು, ಉಬ್ಬು ಆಮೇಲೆ. ಮೇಲೇರುತ್ತಾ ನಿಧಾನವಾದರೂ, ಕೆಳಗಿಳಿಯುತ್ತಾ ವೇಗ ಹಿಡಿದರೂ ಚಿಹ್ನೆ ಋಣವೇ, ಏಕೆಂದರೆ ಎರಡರಲ್ಲೂ ವೇಗೋತ್ಕರ್ಷ ಕೆಳಮುಖ. ಕರಿಹಲಗೆಯ ಮೇಲೆ ಎಷ್ಟು ಹೇಳಿದರೂ ತಲೆಗೆ ಹೋಗದ ಈ ವಿಷಯ ಇಲ್ಲಿ ಕಣ್ಣೆದುರೇ ಇರುತ್ತದೆ. ಉಬ್ಬಿನ ಸರಾಸರಿ ಎತ್ತರ 0.6 ಮೀ/ಸೆ², ಅಗಲ 2 ಸೆಕೆಂಡ್ ಇದ್ದರೆ ಲಿಫ್ಟ್ ಗಳಿಸಿದ ವೇಗ ಇವೆರಡರ ಗುಣಲಬ್ಧ, ಅಂದರೆ ಉಬ್ಬಿನ ಕ್ಷೇತ್ರಫಲ: 1.2 ಮೀ/ಸೆ.

ಗೈರೊಸ್ಕೋಪ್ (ಫೋನ್ ತಿರುಗುವುದನ್ನು ಅಳೆಯುವ ಸೆನ್ಸರ್) ಇಲ್ಲದ ಅಗ್ಗದ ಫೋನ್‌ಗಳಲ್ಲಿ ಈ ಪ್ರಯೋಗ ಸರಿಯಾಗಿ ನಡೆಯದಿರಬಹುದು. ಆಗ ‘ಆಕ್ಸಲರೇಶನ್ ವಿತ್ ಜಿ’ ಬಳಸಿ, ನಿಂತಿದ್ದಾಗ ಬರುವ ಸುಮಾರು 9.8 ಅನ್ನು ಕಳೆಯಿರಿ. ಫೋನ್ ವಾಲದಿದ್ದರೆ ಉತ್ತರ ಸರಿಯೇ ಬರುತ್ತದೆ.

ಇದೇ ಕ್ಷೇತ್ರಫಲದ ಲೆಕ್ಕವನ್ನು ಬಸ್ಸು, ಬೈಕಿಗೆ ಮಾತ್ರ ಹಚ್ಚಬೇಡಿ. ಸೆನ್ಸರ್‌ನ ಸೊನ್ನೆ ಬರೀ 0.05 ಮೀ/ಸೆ² ಸರಿದಿದ್ದರೂ ಒಂದು ನಿಮಿಷದಲ್ಲಿ ವೇಗ 3 ಮೀ/ಸೆ, ಅಂದರೆ ಗಂಟೆಗೆ ಸುಮಾರು 11 ಕಿ.ಮೀ. ತಪ್ಪುತ್ತದೆ. ಅಲ್ಲಿಗೆ ಜಿಪಿಎಸ್ ಪ್ರಯೋಗವೇ ಸೂಕ್ತ.

‘ಅಕೌಸ್ಟಿಕ್ ಸ್ಟಾಪ್‌ವಾಚ್’ ಕೂಡ ಬಿಡಬಾರದಂಥದ್ದು. ಮೊದಲ ಸದ್ದಿಗೆ ಓಡುತ್ತದೆ, ಎರಡನೆಯದಕ್ಕೆ ನಿಲ್ಲುತ್ತದೆ. ಮೇಜಿನಂಚಿನಿಂದ ಹೊರಚಾಚಿದ ಸ್ಕೇಲಿನ ತುದಿಯಲ್ಲಿ ಉಕ್ಕಿನ ಗುಂಡನ್ನಿಟ್ಟು, ಸ್ಕೇಲಿಗೆ ಪಕ್ಕದಿಂದ ಜೋರಾಗಿ ಹೊಡೆಯಿರಿ. ಗುಂಡು ಸರಿಯಾಗಿ 1 ಮೀಟರ್ ಕೆಳಗಿನ ತಗಡಿನ ಮೇಲೆ ಬೀಳಲಿ. ಸಮಯ ಸುಮಾರು 0.45 ಸೆಕೆಂಡ್ ಬರಬೇಕು. ಜಿ = 2 × ಎತ್ತರ ÷ ಕಾಲ² ಎಂಬ ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ 0.01 ಸೆಕೆಂಡ್ ತಪ್ಪಿದರೂ ಜಿ ಬೆಲೆ ಶೇ. 4ಕ್ಕಿಂತ ಹೆಚ್ಚು ಸರಿಯುತ್ತದೆ. 0.45ರ ಬದಲು ತೀರಾ ಚಿಕ್ಕ ಸಂಖ್ಯೆ ಬಂದರೆ ಸ್ಕೇಲಿನ ಸದ್ದಿನ ಪ್ರತಿಧ್ವನಿಯೇ ಗಡಿಯಾರ ನಿಲ್ಲಿಸಿದೆ ಎಂದರ್ಥ: ‘ಮಿನಿಮಮ್ ಡಿಲೇ’ಯನ್ನು 0.3ಕ್ಕೆ ಏರಿಸಿ. ಹೊಡೆಯುವ ಮೊದಲೇ ಓಡತೊಡಗಿದರೆ ‘ಥ್ರೆಶೋಲ್ಡ್’ (ಗಡಿಯಾರ ಓಡಲು ಬೇಕಾದ ಕನಿಷ್ಠ ಸದ್ದು) ಹೆಚ್ಚಿಸಿ, ಫ್ಯಾನ್ ಆರಿಸಿ.